ಕಣ್ಣಿನ ಕಾಡಿಗೆ ಮತ್ತು ಕಥೆಗಾರನ ಕೈಪಿಡಿ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆಯ ವಿದ್ಯಾರ್ಥಿನಿಯೊಬ್ಬರು ಕೆಲಕಾಲದ ಹಿಂದೆ ತಾವು ಬರೆದ ಕಥೆಯೊಂದನ್ನು ಓದಲು ಕೊಟ್ಟರು. ಕಥಾರಚನೆಯನ್ನು ಕಲಿಸುವ ಕೈಪಿಡಿಯೊಂದನ್ನು ಅವರು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರು. ಮೊದಲ ಪುಟದಲ್ಲಿ ಸಂಘರ್ಷ, ನಡುವೆ ತಿರುವು, ಕೊನೆಯಲ್ಲಿ ಪಾತ್ರದ ಪರಿವರ್ತನೆ, ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದವು. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ. ಈ ವಸ್ತು ಎಲ್ಲಿ ದೊರೆಯಿತೆಂದು ಕೇಳಿದೆ. ಅದು ಅಜ್ಜಿ ಹೇಳುತ್ತಿದ್ದ ಸಂಗತಿಯೆಂದು ತಿಳಿಸಿ, ಅಜ್ಜಿಯ ಕ್ರಮದಲ್ಲಿಯೇ ಅದನ್ನು ಬಾಯಲ್ಲಿ ಹೇಳಿದರು.

ಆ ವರ್ಷ ಬೀದಿಯ ಪ್ರತಿಯೊಂದು ಮಗುವಿನ ಕೈಯಲ್ಲಿಯೂ ಹೊಸ ಮರದ ಕುದುರೆಯಿತ್ತಂತೆ. ಅಜ್ಜಿಯ ಕಥೆ ಆರಂಭವಾಗುತ್ತಿದ್ದುದು ಅಲ್ಲಿಂದ. ಮಕ್ಕಳ ಸಡಗರವೆಲ್ಲ ಮುಗಿದ ಮೇಲೆ, ಬಣ್ಣ ಸರಿಯಾಗಿ ಹಿಡಿಯಲಿಲ್ಲವೆಂದು ವ್ಯಾಪಾರಿ ಆ ಬುಟ್ಟಿಯನ್ನು ಹಿಂತಿರುಗಿಸಿದ್ದನೆಂಬುದು ತಿಳಿಯುತ್ತಿತ್ತು. ಕೂಲಿ ಸಿಗದೆ ಮನೆಯಲ್ಲಿ ಎರಡು ದಿನ ಒಲೆ ಹೊತ್ತಿರಲಿಲ್ಲವೆಂಬುದು ಎಲ್ಲಕ್ಕಿಂತ ಕೊನೆಯ ಮಾತು. ಬರಹದಲ್ಲಿ ಆ ಹಸಿವು ಮೊದಲ ಸಾಲಿಗೇ ಬಂದಿತ್ತು. ಕಾರಣ ಕೇಳಿದರೆ, “ಸಂಘರ್ಷದಿಂದಲೇ ತೊಡಗಬೇಕು ಎಂದು ಪುಸ್ತಕದಲ್ಲಿದೆ ಸರ್” ಎಂದರು.

ಕೈಪಿಡಿಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಹಾಗೆ ಮಾಡಲು ಕನ್ನಡಿಗರಿಗೆ ಅಧಿಕಾರವೂ ಇಲ್ಲ. ಏಕೆಂದರೆ ನಮಗೆ ಉಪಲಬ್ಧವಿರುವ ಮೊದಲ ಗ್ರಂಥವೇ ಬರೆಯುವವರಿಗಾಗಿ ರಚಿತವಾದ ಕೈಪಿಡಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರ ವೇಳೆಗೆ ರೂಪುಗೊಂಡ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಾದೋಷಗಳ ವಿವೇಚನೆಗೆ ಮೀಸಲು; ಶಬ್ದಾಲಂಕಾರ, ಅರ್ಥಾಲಂಕಾರಗಳು ಅದರ ನಂತರ ಬರುತ್ತವೆ. ಈ ಕ್ರಮ ಗಮನಾರ್ಹ. ಹೀಗೆ ಬರೆ ಎನ್ನುವುದಕ್ಕಿಂತ ಮೊದಲು, ಬರೆದುದರಲ್ಲಿ ಎಲ್ಲಿ ಎಡವಿದ್ದೀಯೆ ನೋಡು ಎನ್ನುತ್ತದೆ ಈ ಶಾಸ್ತ್ರ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದು. ಹಾಗೆಯೇ ಬರೆಯುವವನಿಗೆ ತನ್ನ ದೋಷ ಕಾಣದು ಎಂಬ ಉಪಮೆ ಅಲ್ಲಿಯದು. ಕೈಪಿಡಿಯ ನಿಜವಾದ ಪ್ರಯೋಜನ ಈ ಒಂದು ಮಾತಿನಲ್ಲಿದೆ. ಅದು ಕನ್ನಡಿ, ಮುಖವನ್ನು ನಾವೇ ತರಬೇಕು.

ಹಾಗಾದರೆ ಬರೆಯುವ ಶಕ್ತಿ ಬರುವುದೆಲ್ಲಿಂದ? ಇದಕ್ಕೂ ಕವಿರಾಜಮಾರ್ಗಕಾರನ ಬಳಿ ಉತ್ತರವಿದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ಬಣ್ಣಿಸುವಾಗ ಅವರ ಎರಡು ಸಾಮರ್ಥ್ಯಗಳನ್ನು ಅವನು ಒಟ್ಟಿಗೆ ಹೇಳುತ್ತಾನೆ: ಹದವರಿತು ನುಡಿಯುವುದು ಮತ್ತು ನುಡಿದುದನ್ನು ಅರಿತು ವಿಚಾರಿಸುವುದು. ಉದ್ದೇಶಪಟ್ಟು ಓದದಿದ್ದರೂ ಇವರು ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬ ಮೆಚ್ಚುಗೆಯನ್ನು ನಾವು ಸಭೆಗಳಲ್ಲಿ ನಾಡಿನ ಹೊಗಳಿಕೆಯಾಗಿ ಸಾಕಷ್ಟು ಬಳಸಿದ್ದೇವೆ. ಅದರ ಶಾಸ್ತ್ರಾರ್ಥವನ್ನು ಮಾತ್ರ ಮರೆತಿದ್ದೇವೆ. ಶಾಸ್ತ್ರವನ್ನು ಬರೆಯುತ್ತಿರುವವನೇ, ಈ ಕಲೆ ಶಾಸ್ತ್ರಕ್ಕಿಂತ ಮೊದಲೇ ಜನರ ಬಾಯಲ್ಲೂ ಕಿವಿಯಲ್ಲೂ ಇದೆ ಎಂದು ಒಪ್ಪಿಕೊಂಡಿದ್ದಾನೆ.

ಕವಿರಾಜಮಾರ್ಗ ಕಾವ್ಯಲಕ್ಷಣ ಗ್ರಂಥ, ಕಥೆಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆ ಗ್ರಂಥ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಗದ್ಯಕಾರರೆಂದು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ನಮಗೆ ಉಳಿದುಬಂದಿಲ್ಲ. ಉಳಿದುಬಂದ ಹಳೆಯ ಕಥಾಗದ್ಯವೆಂದರೆ ಸಾಮಾನ್ಯವಾಗಿ 10ನೆಯ ಶತಮಾನದ್ದೆಂದು ಎಣಿಸಲಾಗುವ ‘ವಡ್ಡಾರಾಧನೆ’. ಅದರ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯನ್ನೇ ನೋಡಿ. ಆಸನದ ಮೇಲೆ ಬಿದ್ದ ಬಿಳಿಸಾಸಿವೆಯ ಕಾಳು ಒತ್ತಿದರೂ ಸಹಿಸಲಾರದವನು ಸುಕುಮಾರ. ರತ್ನದ ಬೆಳಕಿಗೆ ಒಗ್ಗಿದ ಅವನ ಕಣ್ಣುಗಳು ದೀಪದ ಬೆಳಕಿಗೆ ನೀರೂರುತ್ತವೆ. ಓದುಗನಿಗೆ ಇದು ಶ್ರೀಮಂತಿಕೆಯ ವರ್ಣನೆಯಂತೆ, ತುಸು ಪರಿಹಾಸ್ಯದಂತೆಯೂ ತೋರುತ್ತದೆ. ಅದೇ ಸುಕುಮಾರ ಬರಿಗಾಲಲ್ಲಿ ಹೊರಟಾಗ ಅಂಗಾಲು ಒಡೆದು ನೆತ್ತರು ಸುರಿಯುತ್ತದೆ. ಆ ಜಾಡನ್ನು ಹಿಡಿದು ನರಿ ಬರುತ್ತದೆ. ಅಲುಗಾಡದೆ ಇದ್ದವನನ್ನು ಕಾಲಿನಿಂದ ತಿನ್ನತೊಡಗುತ್ತದೆ. ಹಿಂದಿನ ಜನ್ಮವೊಂದರಲ್ಲಿ ಅವನು ಅತ್ತಿಗೆಯನ್ನು ಒದ್ದಿದ್ದ. ಒದ್ದ ಕಾಲನ್ನೇ ತಿನ್ನುವೆನೆಂದು ಸಂಕಲ್ಪಿಸಿದ್ದ ಅವಳ ಜೀವವೇ ಈ ನರಿ. ಸಾಸಿವೆಕಾಳು ಅಲ್ಲಿ ಏಕಿತ್ತೆಂಬುದು ಆಗ ತಿಳಿಯುತ್ತದೆ.

“ಹೇಳಬೇಡ, ತೋರಿಸು” ಎಂಬುದು ಇಂದಿನ ಕೈಪಿಡಿಗಳ ಮೆಚ್ಚಿನ ಸೂತ್ರ. ವಡ್ಡಾರಾಧನೆಯ ಕಥೆಗಾರ ಸಂಕೋಚವಿಲ್ಲದೆ ಹೇಳುತ್ತಾನೆ. ಜನ್ಮಾಂತರದ ಕಾರಣವನ್ನು ಬಿಡಿಸಿಯೇ ಇಡುತ್ತಾನೆ. ಆದರೂ ಕಥೆ ನಾಟುತ್ತದೆ. ಏನನ್ನು ಯಾವಾಗ ಹೇಳಬೇಕೆಂಬ ಹದ ಅವನಿಗೆ ಗೊತ್ತು. ಬೈರಾಪಟ್ಟಣದ ಅಜ್ಜಿಗೂ ಗೊತ್ತಿದ್ದುದು ಅದೇ.

ಈ ಹದವನ್ನು ಕಲಿಸುವವರು ಕೇಳುಗರು. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವಾಗ ಹೂಂಗುಟ್ಟುವವರೊಬ್ಬರು ಇರಲೇಬೇಕು. ಹೂಂಕಾರ ಸಡಿಲವಾಯಿತೆಂದರೆ ಕಥೆ ದಾರಿತಪ್ಪಿದೆಯೆಂದು ಹೇಳುವವರಿಗೆ ಆ ಕ್ಷಣವೇ ತಿಳಿಯುತ್ತದೆ. ನುಡಿದುದನ್ನು ವಿಚಾರಿಸುವುದೆಂದರೆ ಇದೇ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದಾಗ ಒನಕೆ, ಬೀಸುಕಲ್ಲುಗಳ ಜೊತೆಗೆ ಜನರ ದನಿಗಳನ್ನೂ ಕಾಪಿಡಬೇಕೆಂಬ ಎಚ್ಚರ ಅವರಿಗಿತ್ತು. ಕಥನವನ್ನು ಅಧ್ಯಯನ ಮಾಡುವ ನಮ್ಮ ವಿದ್ಯಾರ್ಥಿಗಳು ಇಂಥ ದನಿಗಳಿಗೆ ಎಷ್ಟು ಹೊತ್ತು ಕಿವಿಗೊಟ್ಟಿದ್ದಾರೆ?

ಚನ್ನಪಟ್ಟಣದ ಬೊಂಬೆ ಕೆಲಸದ ಮಾತನ್ನೇ ತೆಗೆದುಕೊಳ್ಳಿ. ತಿರುಗುತ್ತಿರುವ ಹಾಲೆಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜುವ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹಿಡಿಯುತ್ತದೆ. ಇಷ್ಟನ್ನು ಪುಸ್ತಕ ಹೇಳಬಲ್ಲದು. ಎಷ್ಟು ಒತ್ತಬೇಕೆಂಬುದನ್ನು ಬಲ್ಲವರ ಪಕ್ಕದಲ್ಲಿ ಕುಳಿತ ಕೈ ಮಾತ್ರ ಕಲಿಯುತ್ತದೆ.

ಇನ್ನೂ ಒಂದು ಸಂಗತಿ. ಕವಿರಾಜಮಾರ್ಗಕಾರ ದಂಡಿಯ ‘ಕಾವ್ಯಾದರ್ಶ’ಕ್ಕೆ ಬಹಳ ಋಣಿ. ಆದರೆ ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಲಿಲ್ಲ; ಕನ್ನಡದ ಪ್ರಾಸವನ್ನು, ಕನ್ನಡ ಸಂಸ್ಕೃತಗಳ ಕೂಡಿಕೆಯನ್ನು ತಾನೇ ಪರೀಕ್ಷಿಸಿದ. ಅರಿಯದೆ ಬೆರಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಎಚ್ಚರಿಸಿದ. ಹೊರಗಿನ ಕಥನಸೂತ್ರಗಳನ್ನು ಇಂದು ತರುವ ನಾವು ಆ ಪರೀಕ್ಷೆಯನ್ನು ಮಾಡುತ್ತಿಲ್ಲ. ಅದರ ಫಲವಾಗಿ ಬೇರೆ ಬೇರೆ ಊರುಗಳಿಂದ ಬರುವ ತರುಣರ ಕಥೆಗಳು ಒಂದೇ ನಡಿಗೆಯವಾಗುತ್ತಿವೆ. ಭಾಷೆಯೊಂದು ತನ್ನ ಹೇಳುವ ಬಗೆಯನ್ನು ಕಳೆದುಕೊಂಡರೆ ಶಬ್ದಸಂಪತ್ತು ಉಳಿದೂ ಪ್ರಯೋಜನವಿಲ್ಲ.

ಆದುದರಿಂದ ಕೈಪಿಡಿಯನ್ನು ಬಿಡಬೇಕಿಲ್ಲ, ಅದನ್ನು ತೆರೆಯುವ ಹೊತ್ತನ್ನು ಬದಲಿಸಿದರೆ ಸಾಕು. ಮೊದಲು ಕಥೆಯನ್ನು ಯಾರಿಗಾದರೂ ಬಾಯಲ್ಲಿ ಹೇಳಬೇಕು. ಅವರ ಹೂಂಕಾರ ಎಲ್ಲಿ ತಗ್ಗಿತೆಂದು ಗಮನಿಸಬೇಕು. ಆ ಮೇಲೆ ಬರೆಯಬೇಕು. ಬರೆದ ಬಳಿಕ, ಕಣ್ಣಿನ ಕಾಡಿಗೆಯನ್ನು ನೋಡಿಕೊಳ್ಳಲು, ಕೈಪಿಡಿ ಬೇಕು. ಆ ವಿದ್ಯಾರ್ಥಿನಿ ಈಗ ಮರದ ಕುದುರೆಗಳಿಂದಲೇ ಕಥೆಯನ್ನು ಆರಂಭಿಸಿದ್ದಾರೆ. ನಡುವೆ ಅನಗತ್ಯವಾಗಿದ್ದ ಪಾತ್ರವೊಂದನ್ನು ತೆಗೆದುಹಾಕಲು ಅವರಿಗೆ ನೆರವಾದದ್ದು ಅದೇ ಹಳೆಯ ಕೈಪಿಡಿ.