ಕೋವಿಗೂ ಮಳೆಗಾಲವಿದೆ



ಮನೆ ಭೇಟಿಗೆ ಹೋದಾಗ ಬಂದ್ಯೋಡಿನ ಆಸುಪಾಸಿನ ಕೆಲವು ಹಳೆಯ ಮನೆಗಳ ಅಟ್ಟದಲ್ಲಿ ನಾವು ಕೋವಿ ಕಂಡದ್ದುಂಟು. ಅಜ್ಜನ ಕಾಲದ ಕೇಪಿನ ಕೋವಿ, ಇಲ್ಲವೇ ತೋಟೆ ಹಾಕುವ ಒಂಟಿ ನಳಿಗೆಯದು. "ಜೋಪಾನವಾಗಿ ಇಟ್ಟಿದ್ದೇವೆ ಫಾದರ್" ಎನ್ನುತ್ತಾರೆ. ಚರ್ಮದ ಚೀಲ ಬಿಚ್ಚಿದರೆ ನಳಿಗೆಯ ಮೇಲೆ ಕೆಂಪು ಪುಡಿ! ಒಂದು ಮೋಡ ಕಂಡರೆ ಒಣಗಲು ಹಾಕಿದ ಅಡಿಕೆಯ ಕಡೆಗೆ ಓಡುವ ನಾವು, ಕೋವಿಗೂ ಮಳೆಗಾಲವಿದೆ ಎಂಬುದನ್ನು ಮರೆಯುತ್ತೇವೆ.

ಕಾಡುಹಂದಿಯ ಉಪದ್ರವ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳೆ ಹಾಳುಮಾಡುವ ಹಂದಿಯನ್ನು ಲೈಸನ್ಸುದಾರರಿಂದ ಕೊಲ್ಲಿಸಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೂ ಕೊಟ್ಟಿತು. ಆದರೆ ಅನುಮತಿ ಸಿಕ್ಕಿದ ದಿನ ಅಟ್ಟದಿಂದ ಇಳಿಸಿದ ತುಕ್ಕು ಹಿಡಿದ ಕೋವಿ ಹಂದಿಗಿಂತ ಹಿಡಿದವನಿಗೇ ಹೆಚ್ಚು ಅಪಾಯ. ತುಕ್ಕು ತಿಂದು ತೆಳುವಾದ ನಳಿಗೆ ಒಡೆಯಬಹುದು. ಕಣಜ ಮಣ್ಣಿನ ಗೂಡು ಕಟ್ಟಿದ್ದರೆ, ತುರುಕಿದ ಬಟ್ಟೆ ಒಳಗೇ ಉಳಿದಿದ್ದರೆ ಹಾಗೆಯೇ. ಹೋಗುವುದು ಕೈಬೆರಳು, ಕಣ್ಣು.

ನಮ್ಮದು ಕಡಲ ಕರೆಯ ಊರು. ಗಾಳಿಯಲ್ಲಿ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್ ತನಕ ತೇವ. ಚರ್ಮದ ಅಥವಾ ಬಟ್ಟೆಯ ಚೀಲ ಆ ತೇವವನ್ನು ಹೀರಿ ಕಬ್ಬಿಣಕ್ಕೆ ಅಂಟಿಸಿಡುತ್ತದೆ. ಚೀಲ ಒಯ್ಯಲಿಕ್ಕೆ, ಇಡಲಿಕ್ಕೆ ಅಲ್ಲ. ಕೈಯ ಬೆವರೂ ತುಕ್ಕಿಗೆ ಬೀಜ. ಮುಟ್ಟಿದ ಮೇಲೆ ಒರೆಸಬೇಕು. ಕರಿಮದ್ದಿನ ಮಸಿ ನೀರನ್ನು ಎಳೆಯುತ್ತದೆ. ಆದ್ದರಿಂದ ಕೇಪಿನ ಕೋವಿಯ ನಳಿಗೆಯನ್ನು ಹೊಡೆದ ದಿನವೇ ಬಿಸಿ ಸಾಬೂನು ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಕೋವಿಯ ಎಣ್ಣೆಯನ್ನು ತೆಳುವಾಗಿ ಹಚ್ಚಬೇಕು. ತೆಂಗಿನೆಣ್ಣೆ ಬೇಡ, ಅದು ಕಾಲಕ್ರಮೇಣ ಅಂಟಾಗುತ್ತದೆ. ಎಣ್ಣೆ ಹೆಚ್ಚಾದರೆ ಇಳಿದು ಮರದ ಹಿಡಿಯನ್ನು ಮೆತ್ತಗೆ ಮಾಡುತ್ತದೆ. ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿದರೆ ಆ ತೊಂದರೆ ಇಲ್ಲ. ಬೀಗವಿರುವ ಕಪಾಟಿನಲ್ಲಿ, ಗೋಡೆಗೆ ತಾಗದಂತೆ ಇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜತೆಗಿರಲಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ತೆಗೆದು ಒರೆಸಿರಿ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಬೇಕಾಗಿ ಬಂದರೆ ಎಣ್ಣೆ ಹಚ್ಚಿ ಕೊಡಿ, ಮರಳಿ ಬಂದ ದಿನವೇ ಶುಚಿ ಮಾಡಿ.

ಇವೆಲ್ಲಕ್ಕಿಂತ ಮೊದಲ ಮಾತು: ಕೋವಿ ಖಾಲಿಯಾಗಿರಬೇಕು. ಖಾಲಿ ಇದೆ ಎಂದು ನಂಬುವುದಲ್ಲ, ಪ್ರತಿ ಸಲ ನೋಡಿಯೇ ತಿಳಿಯುವುದು. ತೋಟೆ, ಮದ್ದು, ಕೇಪು ಬೇರೆ ಕಡೆ, ಬೇರೆ ಬೀಗದಲ್ಲಿ, ಒಲೆಯಿಂದ ದೂರ. ಬೀಗದ ಕೈ ಲೈಸನ್ಸುದಾರನಲ್ಲಿ ಮಾತ್ರ. ಮನೆಯಲ್ಲಿ ಮಕ್ಕಳಿರುತ್ತಾರೆ, ಕುಡಿದು ಬರುವವರೂ, ಮನಸ್ಸು ನೊಂದವರೂ ಇರಬಹುದು. ಒಂದು ಗಳಿಗೆಯ ಸಿಟ್ಟಿಗೂ ಸಂಕಟಕ್ಕೂ ಬೀಗವೇ ಅಡ್ಡ. 2016ರ ಆಯುಧ ನಿಯಮಗಳೂ ಸುರಕ್ಷಿತವಾಗಿ ಇಡುವ ಹೊಣೆಯನ್ನು ಲೈಸನ್ಸುದಾರನ ಮೇಲೆಯೇ ಹಾಕಿವೆ.

"ಅಜ್ಜನ ಕೋವಿ, ಮನೆತನದ ಗೌರವ" ಎನ್ನುವವರಿದ್ದಾರೆ. ಒಪ್ಪುತ್ತೇವೆ. ಆದರೆ ತುಕ್ಕು ಹಿಡಿಸಿ ಇಡುವುದು ಅಜ್ಜನಿಗೆ ತೋರುವ ಗೌರವವಲ್ಲ. ಹಳೆಯ ಕೋವಿಯನ್ನು ಲೈಸನ್ಸುಳ್ಳ ರಿಪೇರಿಯವರಿಗೆ ತೋರಿಸದೆ ಹೊಡೆಯಬೇಡಿ. ನೋಡಿಕೊಳ್ಳಲು ಪುರುಸೊತ್ತಿಲ್ಲದವರು, ತೋಟ ಮಾರಿ ಪೇಟೆ ಸೇರಿದವರು ಕಾನೂನಿನ ಪ್ರಕಾರ ಅದನ್ನು ಒಪ್ಪಿಸಿಬಿಡುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಬೆಳೆ ಕಾಯಲು ತಂದ ವಸ್ತು ಮನೆಯ ಜೀವ ತೆಗೆಯಬಾರದು.

ಈ ಸಲ ಮಳೆ ಹಿಡಿಯುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡುತ್ತೀರಲ್ಲವೇ?