ಕೀಲಿಕೈ ಯಾರ ಕಡೆ?

ಧಾರವಾಡಕ್ಕೆ ಹೋದಾಗಲೆಲ್ಲ ಯಾರಾದರೂ ಹಿರಿಯರು ಒಂದು ಮಾತು ಹೇಳಿಯೇ ಹೇಳುತ್ತಾರೆ: "ಪುಣೆಯಂಥಾ ಊರಾಗ ಇದ್ದ ಮ್ಯಾಲ ಹುಡುಗರು ಕೆಡೂದ ಬಿಡ್ರಿ." ಇಷ್ಟು ವರ್ಷ ನಾನು ಚಹಾ ಕುಡಿದು ಸುಮ್ಮನೆ ಎದ್ದು ಬರುತ್ತಿದ್ದೆ. ಈ ಪುಸ್ತಕಕ್ಕೆ ಏನಾದರೂ ಬರೆಯಿರಿ ಅಂದಾಗ ಆ ಮಾತಿಗೇ ಉತ್ತರ ಕೊಟ್ಟರಾಯಿತು ಅನ್ನಿಸಿತು. ಪರಊರಿನ ಒಂಟಿತನ, ಮರಾಠಿ ಕಲಿತ ಫಜೀತಿ ಇವನ್ನೆಲ್ಲ ಬೇರೆಯವರು ನನಗಿಂತ ಚೆನ್ನಾಗಿ ಬರೆದಾರು. ನಾನು ಬರೆಯುವುದು ಒಂದು ರಟ್ಟಿನ ಡಬ್ಬಿಯ ವಿಷಯ. ಡಬ್ಬಿ ನನ್ನ ಮಗನದು. ಬರೆಯಲು ಅವನ ಒಪ್ಪಿಗೆ ಇದೆ.

ಬ್ಯಾಂಕು ನನ್ನನ್ನು 2009ರಲ್ಲಿ ಪುಣೆಗೆ ವರ್ಗ ಮಾಡಿತು. ಕಾತ್ರಜದಲ್ಲಿ ಮನೆ ಹಿಡಿದೆವು, ಆಮೇಲೆ ಅಲ್ಲೇ ಫ್ಲ್ಯಾಟು ಕೊಂಡೆವು. ಕಾತ್ರಜವೇ ಯಾಕೆ ಅಂತ ಕೇಳಿದರೆ ನಗಬೇಡಿ: ಬೆಂಗಳೂರು ಹೆದ್ದಾರಿಯ ಮೇಲಿದೆ, ಊರಿನ ಕಡೆಯಿಂದ ಬರುವ ಬಸ್ಸುಗಳು ಸ್ವಾರಗೇಟಿಗೆ ಹೋಗುವ ಮೊದಲು ಇಲ್ಲಿ ನಿಲ್ಲುತ್ತವೆ. ನಸುಕಿನಲ್ಲಿ ಕಂಡಕ್ಟರು ಕನ್ನಡದಲ್ಲಿ ಕೂಗುವುದು ಕೇಳಿದರೆ ಆ ದಿನ ಒಂದಷ್ಟು ಹಗುರಾಗುತ್ತದೆ. 2018ರಲ್ಲಿ ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಮಗ ಸೊಸೆಗೆ ಇಲ್ಲೇ ಕೆಲಸ, ಮೊಮ್ಮಗಳು ಹುಟ್ಟಿದ್ದೂ ಇಲ್ಲೇ.

ಇನ್ನು ಡಬ್ಬಿ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿ ಬಿದ್ದ ಮಳೆ ನೆನಪಿದ್ದವರಿಗೆ ನೆನಪಿದ್ದೀತು. ಕಾತ್ರಜದ ಗುಡ್ಡದಿಂದ ಹರಿದು ಊರೊಳಗೆ ನುಗ್ಗುವ ಅಂಬಿಲ ಓಢಾ, ಅಂದರೆ ನಮ್ಮ ಮಾತಿನಲ್ಲಿ ಹಳ್ಳ, ಉಕ್ಕಿತು. ಆ ರಾತ್ರಿ ಪುಣೆ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅರಣ್ಯೇಶ್ವರದ ಕಡೆ ಗೋಡೆ ಕುಸಿದೇ ಹಲವರು ಹೋದರು. ಕಾರು, ಸ್ಕೂಟರುಗಳು ಕಡ್ಡಿಯ ಹಾಗೆ ತೇಲಿದವು. ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿಗೂ ನೀರು ಬಂತು. ಕರೆಂಟು ಇಲ್ಲ. ಮಗ ಬ್ಯಾಟರಿ ಹಿಡಿದು ಓಡಿದ. ಕಾರು ಮೇಲೆ ತರುತ್ತಾನೆ ಅಂದುಕೊಂಡೆ. ಟೊಂಕದ ಮಟ್ಟದ ನೀರಿನಲ್ಲಿ ಹೋಗಿ ಡಿಕ್ಕಿ ತೆಗೆದು ಒಂದು ರಟ್ಟಿನ ಡಬ್ಬಿ ತಲೆಯ ಮೇಲೆ ಹೊತ್ತು ಬಂದ. ಕಾರು ಅಲ್ಲೇ ಮುಳುಗಿತು. ಮೆಟ್ಟಿಲ ಮೇಲೆ ಸೊಸೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಮುಖ ನಾನು ಇನ್ನೂ ಮರೆತಿಲ್ಲ.

ಡಬ್ಬಿಯಲ್ಲಿ ಏನಿತ್ತು? ನಾನು ಬ್ಯಾಂಕಿನವನು, ಎಣಿಸದೆ ಬಿಡಲಿಲ್ಲ. ಇ-ಸಿಗರೇಟಿನ ಎರಡು ಯಂತ್ರ, ನಾಲ್ಕು ಬಿಡಿ ಬ್ಯಾಟರಿ, ಕಾಯಿಲ್ ಅನ್ನುವ ಸಣ್ಣ ಸುರುಳಿಗಳ ಪೊಟ್ಟಣಗಳು, ಮತ್ತು ಮೂವತ್ತು ಮಿಲಿಯ ನಲವತ್ತು ಶೀಸೆ ನಿಕೋಟಿನ್ ರಸ. ಮಾವಿನ ಹಣ್ಣಿನ ವಾಸನೆ. ನಾಲ್ಕು ವರ್ಷದ ಮೊಮ್ಮಗಳು ಮೂಸಿ "ಆಮರಸ" ಅಂದಳು. ಅಂಥ ರಸ ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳ ಜೀವಕ್ಕೆ ಅಪಾಯ ಅನ್ನುವುದು ಆಮೇಲೆ ಗೊತ್ತಾಯಿತು.

ಇದರ ಹಿನ್ನೆಲೆ ಹೇಳುತ್ತೇನೆ. ಇ-ಸಿಗರೇಟು ನಿಲ್ಲಿಸಿ ಅಂತ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲೇ ರಾಜ್ಯಗಳಿಗೆ ಸಲಹೆ ಕಳಿಸಿತ್ತು. ನಮ್ಮ ಕರ್ನಾಟಕ ಅದಕ್ಕೂ ಮೊದಲು, 2016ರಲ್ಲೇ, ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ಕ್ಕೆ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದೇ ಕಾನೂನಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲ ಬಂದ್. ಮೊದಲ ಸಲ ಸಿಕ್ಕರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ. ಎರಡರಲ್ಲೂ ಜೈಲು, ದಂಡ ಒಟ್ಟಿಗೇ ಬೀಳಬಹುದು. ಇದ್ದ ಮಾಲನ್ನು ತಾವಾಗಿಯೇ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಸುದ್ದಿಯ ವಾಸನೆ ಬಡಿದ ಕೂಡಲೇ ನನ್ನ ಮಗ ಆಗಸ್ಟ್ ತಿಂಗಳಲ್ಲೇ ಇಪ್ಪತ್ತು ಸಾವಿರ ರೂಪಾಯಿ ಸುರಿದು ಡಬ್ಬಿ ತುಂಬಿಸಿದ್ದ. ಅವನ ಗೆಳೆಯರೂ ಹಾಗೇ ಮಾಡಿದ್ದರಂತೆ.

"ಇದೇನೋ?" ಅಂದೆ.

"ಅಪ್ಪಾ, ನಿಮಗ ತಿಳಿಯೂದಿಲ್ಲ ಬಿಡ್ರಿ. ಸಿಗರೇಟಿಗಿಂತ ಇದು ಛಲೋ. ಸಿಗರೇಟ್ ಬಿಡಲಿಕ್ಕೆ ತಂದದ್ದು. ಸರ್ಕಾರ ಬಂದ್ ಮಾಡಿದ್ರ ನಾ ಏನ ಮಾಡ್ಲಿ? ಇದು ನನ್ನ ಸ್ವಾತಂತ್ರ್ಯದ ಪ್ರಶ್ನಾ."

ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹೊಗೆ ಸುಡುವ ಸಿಗರೇಟಿಗಿಂತ ಇದರ ಹಾನಿ ಕಡಿಮೆ ಅಂತ ಹೇಳುವ ವೈದ್ಯರಿದ್ದಾರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೇ ಸಿಗರೇಟು ಬಿಡುವ ದೊಡ್ಡವರಿಗೆ ಇದನ್ನು ಒಂದು ದಾರಿ ಅಂತ ತೋರಿಸುತ್ತದೆ. ಅದೇ 2019ರಲ್ಲಿ ಅಮೆರಿಕದಲ್ಲಿ ಸಾವಿರಾರು ಜನ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದೂ ನಿಜ. ಅದು ಹೆಚ್ಚಾಗಿ ಗಾಂಜಾದ ಅಂಶ ಬೆರೆಸಿದ ಕಳ್ಳ ಮಾಲಿನಿಂದ ಆಯಿತು ಅಂತ ಆಮೇಲೆ ತಿಳಿಯಿತು. ಅದನ್ನು ತೋರಿಸಿ ಮಗನ ಬಾಯಿ ಮುಚ್ಚಿಸುವುದು ಪ್ರಾಮಾಣಿಕ ಲೆಕ್ಕವಾಗುವುದಿಲ್ಲ.

ಹಾಗಾಗಿ ನಾನು ವೈದ್ಯಕೀಯ ಬಿಟ್ಟು ದಾಸ್ತಾನಿನ ತಪಾಸಣೆಗೆ ಇಳಿದೆ. ಅದು ನನ್ನ ಕಸುಬು. ನಲವತ್ತು ಶೀಸೆಯ ಮೇಲೂ ಒಂದೇ ಅಂಕಿ: 12 ಮಿಲಿಗ್ರಾಂ. ಬಿಡುವವನ ದಾಸ್ತಾನು ಹೀಗಿರುತ್ತದೆಯೇ? ಅದರಲ್ಲಿ ಕೆಲವು 12, ಮುಂದೆ 6, ಆಮೇಲೆ 3, ಕೊನೆಗೆ ಸೊನ್ನೆಯ ಶೀಸೆ ಇರಬೇಕಿತ್ತು. ಸಾಲ ತೀರಿಸುವವನ ಕಂತಿನ ಪಟ್ಟಿ ಇಳಿಯುತ್ತ ಹೋಗುತ್ತದೆ, ಇದು ಬಡ್ಡಿಯನ್ನಷ್ಟೇ ಕಟ್ಟುತ್ತ ಅಸಲು ಹಾಗೇ ಇಟ್ಟುಕೊಳ್ಳುವವನ ಪಟ್ಟಿ. ಮಗನಿಗೆ ಇಷ್ಟೇ ಹೇಳಿದೆ: "ಬಿಡಾಂವ ಇದ್ರ ನಾನೂರು ದಿನದ್ದು ಯಾಕ ತಂದೀ?" ಅವನು ಮಾತಾಡಲಿಲ್ಲ.

ನನ್ನ ಪ್ರಕಾರ ಹೀಗೆ ಕೂಡಿಡುವವನು ಹೆದರುವುದು ಸರ್ಕಾರಕ್ಕಲ್ಲ. ಅದು ಇಲ್ಲದ ಮೊದಲ ದಿನಕ್ಕೆ ಹೆದರುತ್ತಾನೆ. ಆ ಒಂದು ದಿನವನ್ನು ಮುಂದೆ ದೂಡಲು ಇಪ್ಪತ್ತು ಸಾವಿರ ಖರ್ಚು ಮಾಡುತ್ತಾನೆ, ಅದಕ್ಕೆ ಸ್ವಾತಂತ್ರ್ಯ ಅಂತ ಹೆಸರಿಡುತ್ತಾನೆ.

ನಿಪ್ಪಾಣಿ ಶಾಖೆಯಲ್ಲಿದ್ದಾಗ ತಂಬಾಕಿನ ವಖಾರಿಗಳ ತಪಾಸಣೆಗೆ ಹೋಗುತ್ತಿದ್ದೆ. ಅಡವಿಟ್ಟ ಮಾಲಿನ ಮೇಲೆ ಕೊಡುವ ಸಾಲಕ್ಕೆ ನಾವು ಕೀ ಲೋನ್ ಅನ್ನುತ್ತಿದ್ದೆವು. ಮಾಲು ವ್ಯಾಪಾರಿಯದು, ವಖಾರಿಯೂ ಅವನದೇ, ಹೊರಗಿನ ಬೋರ್ಡಿನ ಮೇಲೆ ಅವನಪ್ಪನ ಹೆಸರು. ಆದರೆ ಬಾಗಿಲಿಗೆ ಬ್ಯಾಂಕಿನ ಕೀಲಿ, ಕೀಲಿಕೈ ನಮ್ಮ ತಿಜೋರಿಯಲ್ಲಿ. ಒಂದು ಚೀಲ ತೆಗೆಯಬೇಕಾದರೂ ಆ ದೊಡ್ಡ ಮನುಷ್ಯ ನಮ್ಮ ಗುಮಾಸ್ತನನ್ನು ಕಾಯುತ್ತ ಬಿಸಿಲಲ್ಲಿ ನಿಲ್ಲಬೇಕು. ನನ್ನ ಮಗನ ಡಬ್ಬಿ ಕಂಡಾಗ ಆ ವಖಾರಿಗಳೇ ಕಣ್ಣಿಗೆ ಬಂದವು. ಮಾಲು ಅವನದು, ಕೀಲಿಕೈ ಅವನ ಕಡೆ ಇಲ್ಲ.

ಕೂಡಿಡುವುದೇ ತಪ್ಪು ಅನ್ನುತ್ತಿಲ್ಲ. ನಮ್ಮ ಕಡೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು, ಬರ ಬಂದರೆ ಊರು ಬದುಕಲಿ ಅಂತ. ಕಾತ್ರಜದ ಕೆರೆ ಕೂಡ ಪೇಶ್ವೆಯವರ ಕಾಲದಲ್ಲಿ ಪುಣೆಗೆ ನೀರೊದಗಿಸಲು ಕಟ್ಟಿದ ದಾಸ್ತಾನೇ. ಹಗೇವಿನ ಜೋಳ ಇದ್ದವನು ಸಾಹುಕಾರನ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ. ಶೀಸೆ ಇದ್ದವನು ಶೀಸೆಯ ಬಾಗಿಲಲ್ಲೇ ನಿಂತಿರುತ್ತಾನೆ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಈಗ ನನ್ನ ಖಾತೆ ತೆಗೆಯುತ್ತೇನೆ, ಇಲ್ಲದಿದ್ದರೆ ಮಗನಿಗೆ ಅನ್ಯಾಯವಾದೀತು. ಇಪ್ಪತ್ತೆರಡು ವರ್ಷ ನಾನು ಸಿಗರೇಟು ಸೇದಿದವನು. ಬಜೆಟ್ಟಿನಲ್ಲಿ ತೆರಿಗೆ ಏರುತ್ತದೆಂದು ಪ್ರತಿ ಫೆಬ್ರುವರಿ ಹತ್ತಾರು ಪ್ಯಾಕು ತಂದು ಲೆಡ್ಜರುಗಳ ಹಿಂದೆ ಇಡುತ್ತಿದ್ದೆ. ಉಳಿತಾಯ ಅಂತ ಹೆಂಡತಿಗೆ ಲೆಕ್ಕ ತೋರಿಸುತ್ತಿದ್ದೆ. ಎಂ.ಕಾಂ. ಓದಿದವನ ಲೆಕ್ಕ! ಮನೆಯಲ್ಲಿ ಹತ್ತು ಪ್ಯಾಕು ಇದ್ದ ತಿಂಗಳು ದಿನಕ್ಕೆ ಎಂಟರ ಬದಲು ಹದಿನಾಲ್ಕು ಸೇದುತ್ತಿದ್ದೆ. ಆಗ ಹೊಗೆ ನುಂಗಿದ ಹುಡುಗನೇ ಈ ಮಗ. ಅವನನ್ನು ಪುಣೆ ಕೆಡಿಸಿತೇ?

ಊರಿನ ಓದುಗರು ಸ್ವಲ್ಪ ಸಿಟ್ಟಾಗಬಹುದು, ಆದರೂ ಹೇಳುತ್ತೇನೆ. 2012ರ ಜುಲೈಯಲ್ಲಿ ಮಹಾರಾಷ್ಟ್ರ ಗುಟ್ಕಾ ನಿಷೇಧಿಸಿತು. ಆ ವಾರ ಕಾತ್ರಜದ ಪಾನಪಟ್ಟಿಗಳ ಮುಂದೆ ನಮ್ಮ ಕಡೆಯಿಂದ ದುಡಿಯಲು ಬಂದ ಗೌಂಡಿಗಳು, ಡ್ರೈವರುಗಳು ಮಾಲೆಗಟ್ಟಲೆ ಕೊಂಡು ಕೊರಳಿಗೆ ಹಾಕಿಕೊಂಡು ಹೋದದ್ದನ್ನು ನೋಡಿದ್ದೇನೆ. ಅದು ಮುಗಿದ ಮೇಲೆ? ಕರ್ನಾಟಕದಲ್ಲಿ ನಿಷೇಧ ಬಂದದ್ದು 2013ರ ಮೇ ಕೊನೆಗೆ. ನಡುವಿನ ಹತ್ತು ತಿಂಗಳು ಊರಿನಿಂದ ಬಂದ ಗಂಟುಗಳಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿಯ ಕೆಳಗೆ ಗುಟ್ಕಾ ಬಂತು. ಯಾರು ಕಟ್ಟಿ ಕಳಿಸಿದ್ದು? ತಾಯಂದಿರು, ಅಣ್ಣಂದಿರು. "ಪಾಪ, ಅಲ್ಲಿ ಸಿಗೂದಿಲ್ಲಂತ" ಅನ್ನುವ ಅಂತಃಕರಣದಿಂದ. ನಮ್ಮ ಸೋದರಮಾವನ ಮಗ ನನ್ನ ಕೈಯಲ್ಲೇ ಒಂದು ಚೀಲ ಕೊಟ್ಟು, ಕಾತ್ರಜದ ಒಬ್ಬ ಹುಡುಗನಿಗೆ ಮುಟ್ಟಿಸಿರಿ ಅಂದ. ಬಿಚ್ಚಿ ನೋಡದೆ ಮುಟ್ಟಿಸಿದೆ. ನೋಡಬಾರದೆಂದೇ ನೋಡಲಿಲ್ಲ. ನೀವು ಪುಣೆಯನ್ನು ಬಯ್ಯುವಾಗ ಆ ಚೀಲ ನೆನಪಾಗುತ್ತದೆ.

ಸರ್ಕಾರವನ್ನೂ ಬಿಡುವಂತಿಲ್ಲ. ತಂಬಾಕಿನಿಂದ ಈ ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಶೀಸೆಯನ್ನು ಬಂದ್ ಮಾಡಿ ಬೀಡಿ ಸಿಗರೇಟನ್ನು ಹಾಗೇ ಬಿಟ್ಟರು. ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಲ್ಲಿ ಸರ್ಕಾರಿ ಒಡೆತನದ ಎಲ್‌ಐಸಿಯೇ ದೊಡ್ಡ ಷೇರುದಾರ. ಒಂದು ಕೈಯಲ್ಲಿ ದಂಡ, ಇನ್ನೊಂದು ಕೈಯಲ್ಲಿ ಡಿವಿಡೆಂಡು. ಬಿಡಬೇಕೆನ್ನುವವನಿಗೆ ಸಲಹಾ ಕೇಂದ್ರ ಎಲ್ಲಿದೆ ಅಂತ ಆ ವಾರ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಪೊಲೀಸ್ ಠಾಣೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಕಾನೂನು ಅರ್ಧ ಅನ್ನುವುದು ಮಗನ ವಾದ, ನಾನೂ ಒಪ್ಪುತ್ತೇನೆ. ಆದರೆ ಸರ್ಕಾರದ ಅರ್ಧತನದ ಹಿಂದೆ ಅಡಗಿ ನಮ್ಮ ಪೂರ್ತಿ ಚಟವನ್ನು ಸಾಕಬಹುದೇ?

ನನ್ನದೂ ಅರ್ಧತನವೇ. ಕಾನೂನಿನ ಪ್ರಕಾರ ಆ ಡಬ್ಬಿಯನ್ನು ಠಾಣೆಗೆ ಒಪ್ಪಿಸಬೇಕಿತ್ತು. ಸಾಲಗಾರರ ಮಾಲು ಜಪ್ತಿ ಮಾಡಿಸಿದ ನಾನು ಮಗನ ಡಬ್ಬಿಯ ಮುಂದೆ ಕೈಕಟ್ಟಿ ನಿಂತೆ. ಮಗುವಿನ ಕೈಗೆ ಸಿಗದ ಹಾಗೆ ಬಚ್ಚಲಮನೆಯ ಮೇಲಿನ ಅಟ್ಟಕ್ಕೆ ಏರಿಸಿದ್ದಷ್ಟೇ ನನ್ನ ಶೌರ್ಯ.

ನಾನೂರು ದಿನಕ್ಕೆ ತಂದ ದಾಸ್ತಾನು ಎಷ್ಟು ದಿನ ಬಂತು? 2020ರ ಮಾರ್ಚ್ ನಡುವಿಗೆ ಖಾಲಿ. ಅರ್ಧ ವರ್ಷವೂ ಬರಲಿಲ್ಲ. ದಿನಕ್ಕೆ ಮೂರು ಮಿಲಿ ಅಂದುಕೊಂಡದ್ದು ಆರೂವರೆ ದಾಟಿತ್ತು. ನನ್ನ ಫೆಬ್ರುವರಿಯ ಲೆಕ್ಕವೇ. ಮುಂದೆ ಒಂದೆರಡು ವಾರಕ್ಕೆ ಲಾಕ್‌ಡೌನ್. ಪಾನಪಟ್ಟಿ ಬಂದ್, ಬಸ್ಸು ಬಂದ್, ಊರಿನ ಗಂಟೂ ಬಂದ್. ಯಾವ ದಿನವನ್ನು ದೂಡಲು ನೀರಿಗಿಳಿದಿದ್ದನೋ ಆ ದಿನ ಮನೆಯೊಳಗೇ ಬಂದು ಕೂತಿತು. ನಾಲ್ಕು ದಿನ ಯಾರ ಮೇಲೆ ಬೇಕಾದರೂ ಹಾಯ್ದ. ನಿದ್ದೆ ಇಲ್ಲ, ತಲೆನೋವು. ಐದನೆಯ ದಿನ ಮಗಳ ಜೊತೆ ಕೂತು ಹೋಳಿಗೆಯ ಕಣಕ ನಾದಿದ. ಸೊಸೆ ನನ್ನ ಕಡೆ ನೋಡಿದಳು, ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

ಪೂರ್ತಿ ಬಿಟ್ಟಿದ್ದಾನೆ ಅಂತ ಬರೆದರೆ ಸುಳ್ಳಾಗುತ್ತದೆ. ಆಫೀಸು ಮತ್ತೆ ತೆರೆದ ಮೇಲೆ ಕೆಲಸದ ಒತ್ತಡದಲ್ಲಿ ಎರಡು ಸಲ ಜಾರಿದ್ದಾನೆ, ಎದ್ದಿದ್ದಾನೆ. ಆದರೆ ಮನೆಯಲ್ಲಿ ದಾಸ್ತಾನು ಇಲ್ಲ. ಅಟ್ಟದ ಮೇಲೆ ಈಗ ಗಣಪತಿಯ ಮಂಟಪದ ಸಾಮಾನು ಇದೆ.

ಆದ್ದರಿಂದ ಊರಿನವರಲ್ಲಿ ನನ್ನದು ಒಂದೇ ಬಿನ್ನಹ. ನಿಮ್ಮ ಹುಡುಗ ಪರಊರಿನಿಂದ ಫೋನು ಮಾಡಿ, "ಇಲ್ಲಿ ಬಂದ್ ಆಗೇದ, ಅಲ್ಲಿಂದ ಒಂದಿಷ್ಟು ಕಳಸ್ರಿ" ಅಂದರೆ, ಅದು ಗುಟ್ಕಾ ಇರಲಿ, ಶೀಸೆ ಇರಲಿ, ಕಳಿಸಬೇಡಿ. ರೊಟ್ಟಿ ಕಳಿಸಿ, ಚಟ್ನಿ ಕಳಿಸಿ. ಆ ಮೊದಲ ನಾಲ್ಕು ದಿನ ದಿನಕ್ಕೆರಡು ಸಲ ಫೋನು ಮಾಡಿ ಬಯ್ಯಿಸಿಕೊಳ್ಳಿ. ಮತ್ತೆ ನಾನು ಧಾರವಾಡಕ್ಕೆ ಬಂದಾಗ ಪುಣೆಯ ಮಾತು ತೆಗೆಯುವ ಮೊದಲು ನಿಮ್ಮ ಅಟ್ಟದ ಮೇಲೆ ಏನಿದೆ, ಒಮ್ಮೆ ಹತ್ತಿ ನೋಡಿ.