‘ಲೇ’ ಎಂಬ ಏಕಾಕ್ಷರ

‘ಲೇ’ ಎಂಬುದು ನಮ್ಮಲ್ಲಿ ಸಲುಗೆಯ ಕರೆ. ಅಪರಿಚಿತರನ್ನು ಹಾಗೆ ಕರೆದರೆ ಜಗಳಕ್ಕೆ ನಾಂದಿ. ಇಂಗ್ಲೆಂಡಿನ ಭೂಪಟದಲ್ಲಿ ಇದೇ ಉಚ್ಚಾರದ ಪದವೊಂದು ಬೇರೆಯೇ ಚರಿತ್ರೆಯನ್ನು ಹೊತ್ತಿದೆ.

ಹೆರ್‌ಫರ್ಡಿನ ವರ್ತಕನೂ ಛಾಯಾಗ್ರಾಹಕನೂ ಆಗಿದ್ದ ಆಲ್ಫ್ರೆಡ್ ವಾಟ್ಕಿನ್ಸ್, ತನ್ನ ಸೀಮೆಯ ಪ್ರಾಚೀನ ದಿಬ್ಬಗಳು, ನಿಲುಗಲ್ಲುಗಳು, ಹಳೆಯ ಇಗರ್ಜಿಗಳು ಒಂದೇ ಸರಳರೇಖೆಯಲ್ಲಿ ಬೀಳುವುದನ್ನು 1921ರಲ್ಲಿ ಗಮನಿಸಿದನು. ಇವು ಇತಿಹಾಸಪೂರ್ವದ ದಾರಿಗಳೆಂದು ಊಹಿಸಿ, ಆ ರೇಖೆಗಳ ಮೇಲಿನ ಊರುಗಳ ಹೆಸರಿನಲ್ಲಿ ಪದೇಪದೇ ಕಾಣುವ ‘ಲೇ’ಯನ್ನೇ ಅವಕ್ಕೆ ಹೆಸರಾಗಿ ಕೊಟ್ಟನು. 1925ರಲ್ಲಿ ಗ್ರಂಥವೂ ಬಂದಿತು. ಪುರಾತತ್ತ್ವಜ್ಞರು ಒಪ್ಪಲಿಲ್ಲ, ‘ಆಂಟಿಕ್ವಿಟಿ’ ಪತ್ರಿಕೆಯ ಸಂಪಾದಕ ಕ್ರಾಫರ್ಡ್ ಅದರ ಜಾಹೀರಾತನ್ನು ಸಹ ಹಿಂದಿರುಗಿಸಿದನು. ಆಕ್ಷೇಪ ನ್ಯಾಯವಾದುದೇ. ಅವಶೇಷಗಳು ಅಷ್ಟು ದಟ್ಟವಾಗಿರುವ ನಾಡಿನ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ನಾಲ್ಕೈದು ಬಿಂದುಗಳು ತಾವಾಗಿಯೇ ಸಾಲುಗೂಡುತ್ತವೆ. ಮಕ್ಕಳು ಹಾಳೆಯ ಮೇಲೆ ಒಂದು ಹಿಡಿ ಸಾಸಿವೆ ಚೆಲ್ಲಿ ಪರೀಕ್ಷಿಸಬಹುದು. ಭೂಶಕ್ತಿಯ ಕಥೆ ಈ ರೇಖೆಗಳಿಗೆ ಅಂಟಿಕೊಂಡದ್ದು 1960ರ ದಶಕದಲ್ಲಿ. ಪಾಪ, ವಾಟ್ಕಿನ್ಸ್ ಅದನ್ನು ಹೇಳಿದವನಲ್ಲ.

ಸ್ಪೇನಿನವರ ‘ಲೇ’ ಎಂದರೆ ಕಾನೂನು. ಬೆಳ್ಳಿಬಂಗಾರದ ಚೊಕ್ಕತನಕ್ಕೂ ಅದೇ ಪದ. ಇಂಗ್ಲಿಷ್ ಬೇಸಾಯಗಾರನ ‘ಲೇ’ ಎಂದರೆ ಕೆಲವು ವರ್ಷ ಹುಲ್ಲು ಬೆಳೆಸಿ ಮಣ್ಣಿಗೆ ಸಾರ ಕೂಡಿಸಿ ಮತ್ತೆ ಉಳುವ ಹೊಲ. ಅದರ ಮೂಲವೂ ಬೇರೆ.

ಊರ ಹೆಸರುಗಳ ‘ಲೇ’ ಮಾತ್ರ ನಮಗೆ ದೂರದ ನೆಂಟ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕಾಡಿನ ನಡುವಣ ತೆರವು ಎಂದರ್ಥ. ಚೆಂಡಾಟದಿಂದ ಪ್ರಸಿದ್ಧವಾದ ವೆಂಬ್ಲೆ ಎಂದರೆ ವೆಂಬಾ ಎಂಬವನ ತೆರವು. ಭಾಷಾಶಾಸ್ತ್ರಜ್ಞರ ಪ್ರಕಾರ ಸಂಸ್ಕೃತದ ‘ಲೋಕ’ವೂ ಇದೇ ಬೇರಿನದು, ಋಗ್ವೇದದಲ್ಲಿ ಅದಕ್ಕೆ ವಿಶಾಲವಾದ ತೆರಪು ಎಂಬ ಅರ್ಥವಿದೆ. ಕಾಡು ಕಡಿದು ಬೆಳಕು ಬಿದ್ದ ನೆಲವೇ ಮುಂದೆ ಜಗತ್ತೆಂಬ ಅರ್ಥಕ್ಕೆ ಹಿಗ್ಗಿತು.

ನಮ್ಮ ಬದಿಯಡ್ಕ, ಕಾರಡ್ಕ, ಬೇಡಡ್ಕಗಳ ಕೊನೆಯಲ್ಲಿಯೂ ಅಂಥದೊಂದು ಬಯಲಿದೆ. ತುಳುವಿನ ‘ಅಡ್ಕ’ ಎಂದರೆ ಮಟ್ಟಸವಾದ ಬಯಲುನೆಲ. ‘ಬೇಡಕಂ’ ಎಂದು ಬರೆದ ಫಲಕದಲ್ಲಿ ಆ ಬಯಲು ಓದುವವನಿಗೆ ಸಿಗುವುದಿಲ್ಲ. ಮಗುವಿನ ಶಾಲಾ ದಾಖಲೆಯಲ್ಲಿ ಊರಿನ ಹೆಸರು ಹೇಗೆ ಬಿದ್ದಿದೆಯೆಂದು ಹೆತ್ತವರು ಈ ವಾರ ಒಮ್ಮೆ ನೋಡುವುದೊಳ್ಳೆಯದು. ಅಲ್ಲಿ ಬಿದ್ದ ರೂಪವೇ ಮುಂದಿನ ಪ್ರಮಾಣಪತ್ರಗಳಿಗೂ ನಡೆದುಬರುತ್ತದೆ.